ಹಳ್ಳಕ್ಕೆ ಎರಡು ಸಲ ಬಿದ್ದ ಕೂಸು

ಸಾವಕಾರರ ಮಗಳು ಆ ಶೀಗಿ ಹುಣ್ಣಿಮೆಯ ದಿನ ಬೆಣ್ಣಿಹಳ್ಳಕ್ಕೆ ಎರಡು ಸಲ ಬಿದ್ದಳು. ಮೊದಲ ಸಲ ಹಳ್ಳಕ್ಕೆ ನೀರು ಬಂದದ್ದಕ್ಕೆ, ಎರಡನೇ ಸಲ ನಮ್ಮ ಬಸಣ್ಣ ಕಾಕಾ ಕೈ ಚಾಚದೆ ನಿಂತದ್ದಕ್ಕೆ. ಎರಡೂ ಸಲ ಅವಳನ್ನು ಎತ್ತಿದವಳು ನಮ್ಮ ಹೊಲದ ಆಳು ದುರಗವ್ವ. ಕಾಕಾ ಎತ್ತಿದ ಎಂದು ನಮ್ಮ ಮನೆಯಲ್ಲಿ ಬಹಳ ವರ್ಷ ಹೇಳಿದರು. ಬೀಗರು ಬಂದಾಗ ಹೇಳಿದರು, ಮದುವೆಯ ಹಂದರದಲ್ಲಿ ಹೇಳಿದರು, ಕಾಕಾ ಸತ್ತಾಗ ಹೆಣದ ಮುಂದೆ ಕೂತು ಹೇಳಿ ಅತ್ತರು. ಹಾಗೆ ಹೇಳಿದವರು ಈಗ ಯಾರೂ ಉಳಿದಿಲ್ಲ. ಕಣ್ಣಾರೆ ನೋಡಿದವರಲ್ಲಿ ಉಳಿದವಳು ನಾನೊಬ್ಬಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಕ್ಷರ ಸೊಟ್ಟಾಗಿವೆ. ಅಷ್ಟು ಸಹಿಸಿಕೊಂಡು ಓದಿರಿ.

ಹೋದ ತಿಂಗಳು ಮಗಳು ಮತ್ತು ಅಳಿಯ ನನ್ನನ್ನೂ ಮೊಮ್ಮಕ್ಕಳನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಯ ಹೊರಗೆ ಅರ್ಧ ತಾಸಿನ ಹಾದಿಯ ಒಂದು ಹೊಲಕ್ಕೆ ಕರೆದುಕೊಂಡು ಹೋದರು. ಅದು ಬಿತ್ತಿ ಬೆಳೆಯುವ ಹೊಲವಲ್ಲ, ಟಿಕೀಟು ತೆಗೆಸಿ ಒಳಗೆ ಹೋಗುವ ಹೊಲ. ಬಂಡಿ ಹತ್ತಿಸಿ ಒಂದು ಸುತ್ತು ತಿರುಗಿಸುತ್ತಾರೆ. ಒಬ್ಬ ಹೆಣ್ಣುಮಗಳನ್ನು ಒಲೆಯ ಮುಂದೆ ಕೂಡಿಸಿ ರೊಟ್ಟಿ ತಟ್ಟಿಸುತ್ತಾರೆ, ಜನ ಸುತ್ತ ನಿಂತು ಫೋಟೋ ತೆಗೆಯುತ್ತಾರೆ. ಸಿಮೆಂಟಿನಲ್ಲಿ ಸಣ್ಣ ಹಳ್ಳ ಮಾಡಿ ಪಂಪಿನಿಂದ ನೀರು ಬಿಟ್ಟಿದ್ದಾರೆ. ನಿಸರ್ಗ ನೋಡು ಅಜ್ಜಿ ಎಂದಳು ಮೊಮ್ಮಗಳು. ನೋಡಿದೆ. ಅಷ್ಟರಲ್ಲಿ ಕೆಲಸದವನೊಬ್ಬ ಪೈಪು ಹಿಡಿದು ಬದುವಿನ ಎರೆ ಮಣ್ಣಿಗೆ ನೀರು ಹೊಡೆದ. ಒಣಗಿ ಬಿರಿದ ಕರಿ ಮಣ್ಣು ನೀರು ಕುಡಿದಾಗ ಏಳುವ ವಾಸನೆ ನಿಮ್ಮಲ್ಲಿ ಗೊತ್ತಿದ್ದವರಿಗೆ ಗೊತ್ತು. ಹಳೆ ಸಗಣಿ, ಕೊಳೆತ ಜಾಲಿ ಕಾಯಿ, ತುಕ್ಕು ಹಿಡಿದ ಕಬ್ಬಿಣ, ಎಲ್ಲ ಕೂಡಿಸಿ ಮೂಗಿಗೆ ಹೊಡೆದಂತೆ. ಹಳ್ಳಕ್ಕೆ ಹೊಸ ನೀರು ಬರುವಾಗ ಇದೇ ವಾಸನೆ ಬರುತ್ತಿತ್ತು. ಮೊಮ್ಮಗ ಆ ಸಿಮೆಂಟಿನ ಹಳ್ಳದೊಳಗೆ ನಿಂತಿದ್ದ. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ಅವನ ರಟ್ಟೆ ಹಿಡಿದು ಎಳೆದು ಮೇಲೆ ಹಾಕಿದ್ದೆ. ಹುಡುಗ ಅತ್ತ. "ಅತ್ತಿ, ಅಲ್ಲೆ ಗೇಣು ನೀರೈತ್ರಿ" ಎಂದ ಅಳಿಯ. ಹೌದು, ಗೇಣೇ ಇತ್ತು.

ನಮ್ಮ ಊರು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಗೆ. ಗುಡ್ಡವಿಲ್ಲ, ಅಡವಿಯಿಲ್ಲ, ಕಣ್ಣು ಹರಿಯುವತನಕ ಕರಿ ಹೊಲ. ನೆರಳು ಬೇಕೆಂದರೆ ಹಳ್ಳದ ದಂಡೆಯ ಜಾಲಿಗಿಡದ ಕೆಳಗೇ ಹೋಗಬೇಕು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯಲ್ಲಿ ಸುಗ್ಗಿಯ ಹೊತ್ತಿಗೆ ಮಾಡಿನತನಕ ಹತ್ತಿ ತುಂಬಿರುತ್ತಿತ್ತು, ನಾವು ಮಕ್ಕಳು ಹತ್ತಿಯ ಮೇಲೇ ಮಲಗಿ ಬೆಳಿಗ್ಗೆ ಮೈತುಂಬ ಎಳೆ ಅಂಟಿಸಿಕೊಂಡು ಏಳುತ್ತಿದ್ದೆವು. ಒಳಗೆ ಬಂದರೆ ಮೊದಲು ದನದ ಕೊಟ್ಟಿಗೆ, ಅದನ್ನು ದಾಟಿ ಕಟ್ಟೆ, ಕಟ್ಟೆಯ ಮೇಲೆ ಅಜ್ಜ. ಅಜ್ಜ ಕೆಮ್ಮಿದರೆ ಒಳಗೆ ಸೊಸೆಯರ ಮಾತು ನಿಲ್ಲುತ್ತಿತ್ತು. ಆಯಿ, ನನ್ನ ಅಜ್ಜಿ, ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಯಾರು ಎಷ್ಟು ರೊಟ್ಟಿ ತಿಂದರೆಂದು ನೋಡುತ್ತಿದ್ದಳು. ಅವ್ವ ಕೆಲಸ ಮಾಡುತ್ತಿದ್ದಳು. ಅವ್ವನ ಬಗ್ಗೆ ಬೇರೆ ಏನು ಬರೆಯಬೇಕೋ ತಿಳಿಯದು. ಕೂತದ್ದನ್ನು ನಾನು ನೋಡಲಿಲ್ಲ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ, ಮನೆಯ ಗಂಡಸು ಎಂದರೆ ಅಜ್ಜ ಮತ್ತು ಬಸಣ್ಣ ಕಾಕಾ. ಈಗ ಆ ಮನೆ ಇಲ್ಲ. ಮಾಳಿಗೆ ಕುಸಿದ ಮೇಲೆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಒಯ್ದು ಯಾರದೋ ಹೊಲದ ತಗ್ಗಿಗೆ ಹಾಕಿದರು. ಅಷ್ಟು ಜನ ಬಾಳಿದ ಮನೆ ಮೂರು ದಿನದಲ್ಲಿ ಬಯಲಾಯಿತು.

ದುರಗವ್ವ ಊರ ಹೊರಗಿನ ಕೇರಿಯವಳು. ಅವಳ ಅತ್ತೆಯೂ ನಮ್ಮ ಹೊಲಕ್ಕೇ ದುಡಿದವಳು. ಅವಳನ್ನು ಮುಟ್ಟುವಂತಿರಲಿಲ್ಲ, ಅವಳು ನಮ್ಮನ್ನು ಮುಟ್ಟುವಂತಿರಲಿಲ್ಲ. ಏನು ಕೊಡುವುದಿದ್ದರೂ ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಇನ್ನೊಬ್ಬರು ಬಂದು ನೆಲದಿಂದ ಎತ್ತಿಕೊಳ್ಳಬೇಕು. ಕುಡಗೋಲು ಕೊಟ್ಟರೂ ಹಾಗೆ, ರೊಟ್ಟಿ ಕೊಟ್ಟರೂ ಹಾಗೆ. ನಿಮ್ಮ ಮನೆಯಲ್ಲೂ ಹಾಗೇ ಇತ್ತು, ಇರಲಿಲ್ಲ ಅನ್ನಬೇಡಿ. ಆದರೆ ಹಳ್ಳ ಏನೆಂದು ನನಗೆ ಕಲಿಸಿದವಳು ಅವಳು. ನಾಲ್ಕು ಮಾರು ದೂರ ಕೂತು ಕಲಿಸಿದಳು. ಬೆಣ್ಣಿಹಳ್ಳ ಬ್ಯಾಸಿಗೆಯಲ್ಲಿ ಉಸುಕು, ಮಳೆಗಾಲದಲ್ಲಿ ಕಾಲುನೀರು. ಆದರೆ ಅದರ ನೀರು ನಮ್ಮ ಊರ ಮಳೆಯಿಂದ ಬರುವುದಿಲ್ಲ, ಮೇಲೆ ಹುಬ್ಬಳ್ಳಿ, ಕುಂದಗೋಳದ ಕಡೆ ಬಿದ್ದ ಮಳೆಯಿಂದ ಬರುತ್ತದೆ. ಅಲ್ಲಿ ರಾತ್ರಿ ಸುರಿದರೆ ಇಲ್ಲಿ ಮರುದಿನ ಬಿಸಿಲಿನಲ್ಲಿ, ಮುಗಿಲಿನಲ್ಲಿ ಒಂದು ಮೋಡವಿಲ್ಲದ ಹೊತ್ತಿನಲ್ಲಿ, ಆಳೆತ್ತರ ನೀರು ಒಮ್ಮೆಗೇ ಬರುತ್ತದೆ. ಮೊದಲು ತಣ್ಣನೆ ಗಾಳಿ, ಗಾಳಿಯ ಹಿಂದೆ ವಾಸನೆ, ಆಮೇಲೆ ಸಪ್ಪಳ ಎಂದು ಹೇಳಿದ್ದಳು. ಸಪ್ಪಳ ಕೇಳಿ ಓಡಿದವರು ದಂಡೆ ಮುಟ್ಟುವುದಿಲ್ಲ ಎಂದೂ ಹೇಳಿದ್ದಳು.

ಬಸಣ್ಣ ಕಾಕಾ ಹುಬ್ಬಳ್ಳಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಅಂಗಡಿಯಲ್ಲಿ ಕಾರಕೂನನಾಗಿದ್ದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದ, ಬಂದಾಗ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಅವನ ಸಾವಕಾರರು ಅಣ್ಣಿಗೇರಿಯಲ್ಲಿ ಹೊಸ ಅಂಗಡಿ ತೆಗೆಯುವವರಿದ್ದರು, ಅದನ್ನು ನಡೆಸಲು ಯಾರನ್ನು ಕೂಡಿಸುತ್ತಾರೆ ಎಂಬುದು ನಮ್ಮ ಮನೆಯಲ್ಲಿ ಆ ವರ್ಷದ ಮಾತು. ಅಂಗಡಿಯ ಇಬ್ಬರು ಕಾರಕೂನರಲ್ಲಿ ಕಾಕಾ ಸಣ್ಣವನು. ಹೀಗಿರುವಾಗ ಸಾವಕಾರರ ಹೆಂಡತಿಗೆ ಗಿರಣಿ ಹೊಗೆಯಿಂದ ದಮ್ಮು ಹತ್ತಿ, ಡಾಕ್ಟರು ಬಯಲ ಗಾಳಿ ತೆಗೆದುಕೊಳ್ಳಿರೆಂದು ಹೇಳಿದರಂತೆ. ಶೀಗಿ ಹುಣ್ಣಿಮೆಗೆ ನಮ್ಮ ಹೊಲಕ್ಕೆ ಬರ್ರಿ, ಹಳ್ಳದ ದಂಡ್ಯಾಗ ಉಣ್ಣೂಣು ಎಂದು ಕಾಕಾ ಬಾಯಿ ಬಿಟ್ಟು ಕರೆದ. ಅವರು ಬರುತ್ತೇವೆಂದರು. ಹಾಗೆಂದು ಕಾಕಾ ಬರೆದ ಕಾರ್ಡು ಬಂದ ದಿನದಿಂದ ಅಜ್ಜನಿಗೆ ನಿದ್ದೆಯಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ, ನವಲಗುಂದದ ಹೊಸ ಜಮಖಾನ ತರಿಸಿದ, ದಂಡೆಯ ಜಾಲಿಮುಳ್ಳು ಬಳಿಸಿದ. ಆಯಿ ಮಾತ್ರ, "ಹವಾ ತಿನ್ನಾಕ ಬರ್ತಾರಂತ. ಹವಾ ತಿಂದ್ರ ಹೊಟ್ಟಿ ತುಂಬತೈತಿ ಅಂದ್ರ ನಾಕ ಕಡಬು ಕಡಿಮಿ ಮಾಡತೇನಿ" ಎಂದಳು. ಅಜ್ಜ ಕೆಮ್ಮಿದ. ಆಯಿ ಎದ್ದು ಒಳಗೆ ಹೋದಳು.

ಅವರು ಬಿಳಿ ಕಾರಿನಲ್ಲಿ ಬಂದರು. ಊರ ಅಗಸಿ ಬಾಗಿಲ ಮುಂದೆ ಕಾರು ನಿಲ್ಲಿಸಿ, ಅಲ್ಲಿಂದ ನಮ್ಮ ಬಂಡಿಯಲ್ಲಿ ಹೊಲಕ್ಕೆ. ಸಾವಕಾರರು ದಪ್ಪಗೆ, ಮೆತ್ತಗಿನ ಮನುಷ್ಯ. ಅವರ ಹೆಂಡತಿ ತೆಳ್ಳಗೆ, ಮಾತಿಗೊಮ್ಮೆ ಕೆಮ್ಮುತ್ತಿದ್ದಳು, ಆದರೆ ಮಾತು ಬಿಡಲಿಲ್ಲ. ನಾಲ್ಕು ವರ್ಷದ ಕೂಸು ಸುಮಾ, ಹಳದಿ ಫ್ರಾಕು. ಬಂಡಿಯಲ್ಲಿ ನನ್ನ ತೊಡೆಯ ಮೇಲೇ ಕೂತಳು. ಹೊಲ ಬಂದ ಮೇಲೆ ಸಾವಕಾರರ ಹೆಂಡತಿ ಇಳಿದು ಹತ್ತಿಯ ಗಿಡದ ಮುಂದೆ ನಿಂತು ಎಲೆ ಮುಟ್ಟಿ ನೋಡಿದಳು. "ಇಷ್ಟ ವರ್ಷ ಹತ್ತಿ ಅನ್ನ ಉಂಡೀವಿ, ಗಿಡಾ ಇವತ್ತ ನೋಡಿದೆ ನೋಡ್ರಿ" ಎಂದು ನಕ್ಕಳು. ಹಳ್ಳದ ಉಸುಕನ್ನು ನೋಡಿ, ಮುಂಬಯಿಯ ಸಮುದ್ರದಂಡೆ ಇದ್ದಂತಿದೆ ಎಂದು ಕೂಸನ್ನು ಕರೆದುಕೊಂಡು ಕೆಳಗಿಳಿದಳು. ನಾವು ದಿನಾ ದನ ಮೈ ತೊಳೆಯುವ ಜಾಗ ಅದು. ಅದನ್ನು ಯಾರಾದರೂ ಹಾಗೆ ನೋಡಿ ಖುಷಿಪಡುವುದನ್ನು ನಾನು ಮೊದಲ ಸಲ ಕಂಡೆ. ನನಗೂ ಆ ದಿನ ಹಳ್ಳ ಬೇರೆಯಾಗಿ ಕಂಡಿತು, ಸುಳ್ಳೇಕೆ ಹೇಳಲಿ. ಪಾದ ಮುಳುಗುವಷ್ಟು ತಿಳಿನೀರು, ತಳದಲ್ಲಿ ಬೆಳ್ಳನೆ ಹರಳು, ದಂಡೆಯ ಮೇಲೆ ಜಾಲಿಯ ನೆರಳು ಜಾಳಿಗೆಯಂತೆ ಬಿದ್ದಿತ್ತು.

ದಂಡೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ ಸಾವಕಾರರು, ನಿನ್ನೆ ರಾತ್ರಿ ಹುಬ್ಬಳ್ಳಿಯಲ್ಲಿ ಏನು ಮಳೆ, ಬೆಳಗಿನ ಜಾವದತನಕ ಬಿಡಲಿಲ್ಲ, ಇಲ್ಲಿ ನೋಡಿದರೆ ಹನಿ ಇಲ್ಲ ಎಂದು ಬೆರಗಿನಿಂದ ಹೇಳಿದರು. ಅಜ್ಜ ಕೇಳಿದ. ಕಾಕಾ ಕೇಳಿದ. ಇಬ್ಬರೂ ಅದೇ ಹಳ್ಳದ ದಂಡೆಗೆ ಹುಟ್ಟಿ ಬೆಳೆದವರು. ಇಬ್ಬರೂ ಏನೂ ಅನ್ನಲಿಲ್ಲ. ಸಾವಕಾರರ ಹೆಂಡತಿ ಉಸುಕಿನಲ್ಲಿ ಕೂತು ಖುಷಿಯಾಗಿದ್ದಳು, ಏಳ್ರಿ ಅನ್ನುವ ಧೈರ್ಯ ಯಾರಿಗಿತ್ತು. ಅಂದವಳು ದುರಗವ್ವ. ಎತ್ತುಗಳ ಹಗ್ಗ ಹಿಡಿದು ದೂರದಲ್ಲಿ ನಿಂತಿದ್ದಳು. ಅಲ್ಲಿಂದಲೇ, "ಯಪ್ಪಾ, ಹುಬ್ಬಳ್ಳಿ ಕಡೆ ಮಳಿ ಆಗೈತಂತ. ಕೂಸಿನ್ನ ಮ್ಯಾಲ ಕರಕೋರಿ" ಎಂದಳು. ಅಜ್ಜ ತಲೆ ತಿರುಗಿಸಲಿಲ್ಲ. ಕಾಕಾ ನಗುತ್ತ, ಸಾವಕಾರರಿಗೆ ಕೇಳಲೆಂದೇ ದೊಡ್ಡ ದನಿಯಲ್ಲಿ, "ಎತ್ತ ನೋಡ್ಕೋಳಲೇ ದುರಗಿ. ಹಳ್ಳಾ ನಿನ್ನ ಕೇಳಿ ಬರ್ತೈತೇನು" ಎಂದ. ಸಾವಕಾರರೂ ನಕ್ಕರು. ದುರಗವ್ವ ಎತ್ತುಗಳನ್ನು ಬಂಡಿಗೆ ಕಟ್ಟಿ ಅಲ್ಲೇ ನಿಂತಳು. ಆಮೇಲೆ ಅವಳು ಎತ್ತುಗಳ ಕಡೆ ನೋಡಲಿಲ್ಲ, ಹಳ್ಳದ ಮೇಲುಗಡೆಯ ತಿರುವನ್ನೇ ನೋಡುತ್ತಿದ್ದಳು. ಅದನ್ನು ನಾನು ಕಂಡೆ.

ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವ ಪದ್ಧತಿ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಭೂಮಿತಾಯಿಗೆ ಎಡೆ ಹಿಡಿಯುತ್ತಾರೆ. ಕಡಬು, ಹೋಳಿಗೆ, ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಮೊಸರನ್ನ. ಎಲ್ಲದರಲ್ಲಿ ಇಷ್ಟಿಷ್ಟು ತೆಗೆದು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಮನೆಯ ಹಿರಿಯ ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ ಮಡಿಯಲ್ಲಿ ನೀರಿನ ಚರಿಗೆ ಹಿಡಿದು ಚಿಮುಕಿಸುತ್ತ ಬರುತ್ತಾನೆ. ಸುತ್ತು ಮುಗಿಯುವತನಕ ನಿಲ್ಲಬಾರದು, ಚರಿಗೆ ಕೆಳಗಿಡಬಾರದು, ಮೈಲಿಗೆ ತಾಕಬಾರದು. ತಾಕಿದರೆ ಆ ವರ್ಷದ ಬೆಳೆ ಮನೆಗೆ ಬರುವುದಿಲ್ಲ ಎಂದು ನಂಬಿದ್ದರು. ಮತ್ತು ಆ ಸುತ್ತು ಮುಗಿಯುವತನಕ ಯಾರೂ ಉಣ್ಣುವಂತಿಲ್ಲ, ಕೂಸಾದರೂ ಸರಿ. ಅಜ್ಜ ಬುಟ್ಟಿ ಹಿಡಿದ, ಕಾಕಾ ಮಿಂದು ಒದ್ದೆ ಮಡಿ ಉಟ್ಟು ಚರಿಗೆ ಹಿಡಿದ. ಸಾವಕಾರರೂ ಅವರ ಹೆಂಡತಿಯೂ ಅವ್ವನ ಸಂಗಡ ಹತ್ತಿಯ ಆಚೆಗಿನ ಮೆಣಸಿನ ತಾಕು ನೋಡಲು ಹೋದರು. ಕೂಸು ಉಸುಕು ಬಿಟ್ಟು ಬರಲೊಲ್ಲದು. ಗಂಗಿ, ನೀ ನೋಡ್ಕೋ ಎಂದು ನನಗೆ ಹೇಳಿದರು. ನನಗೆ ಹತ್ತು ವರ್ಷ.

ಸ್ವಲ್ಪ ಹೊತ್ತಿಗೆ ಕೂಸು ಹಸಿವೆ ಎಂದು ಹಟ ಹಿಡಿಯಿತು. ಎತ್ತಿಕೊಂಡರೆ ಕೈ ಕಚ್ಚಿತು. ಒಂದು ಕಡಬು ತಂದುಕೊಟ್ಟರೆ ಸುಮ್ಮನಾದೀತೆಂದು ಅವಳನ್ನು ಉಸುಕಿನಲ್ಲೇ ಬಿಟ್ಟು ನಾನು ದಂಡೆ ಹತ್ತಿದೆ. ಇದು ನನ್ನ ಪಾಲು, ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ದಂಡೆಯಿಂದ ಐವತ್ತು ಹೆಜ್ಜೆಗೆ ಮಡಿ ಅರಿವೆ ಹಾಸಿ ಅಡಿಗೆ ಹರವಿಕೊಂಡು ಆಯಿ ಕೂತಿದ್ದಳು. ಕೇಳಿದೆ. ಚರಗಾ ಮುಗೀಲಿ ಎಂದಳು. ಸಾವಕಾರ್ರ ಕೂಸಿಗೆ ಆಯಿ ಎಂದೆ. ಸಾವಕಾರರ ಕೂಸಿಗೆ ಬೇರೆ ದೇವರಿಲ್ಲ ಎಂದಳು. ನಾನು ಹೋಗಲಿಲ್ಲ, ಅಲ್ಲೇ ನಿಂತು ಗೋಗರೆದೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಬೆನ್ನಿಗೆ ತಣ್ಣಗೆ ಗಾಳಿ ಬಡಿಯಿತು. ಬಿಸಿಲಿನಲ್ಲಿ ಹಿತವಾಯಿತು, ಅಷ್ಟೇ ಅನಿಸಿತು. ಕಲಿತ ಪಾಠ ಹೊತ್ತಿಗೆ ಬರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ದುರಗವ್ವ ಬಂಡಿಯ ಕಡೆಯಿಂದ ಓಡಿ ಬರುತ್ತಿದ್ದಳು. ಸುತ್ತು ಹಾಕಿ ಬರುವ ಹೊತ್ತಿರಲಿಲ್ಲ ಅವಳಿಗೆ. ನೆಟ್ಟಗೆ ಬಂದಳು. ಮಡಿ ಅರಿವೆಯ ಮೇಲೆ, ಕಡಬಿನ ಬುಟ್ಟಿಯ ಬಾಜು, ಮೊಸರನ್ನದ ಗಡಿಗೆ ದಾಟಿ ಕಾಲಿಟ್ಟು ಹೋದಳು. ಆಯಿ ಕೂಗಿದ್ದು ಹಳ್ಳಕ್ಕೆ ಅಲ್ಲ, ಅವಳ ಕಾಲಿಗೆ. ಆಗ ನನಗೆ ವಾಸನೆ ಬಂತು.

ಓಡಿದೆ. ದಂಡೆ ಮುಟ್ಟುವಾಗ ಮೇಲಿನ ತಿರುವಿನಲ್ಲಿ ನೀರು ಕಂಡಿತು. ನೀರು ಎಂದರೆ ನೀರಿನಂತಿರಲಿಲ್ಲ. ಕಸ, ಕಂಟಿ, ನೊರೆ, ಮುರಿದ ಜಾಲಿ, ಎಲ್ಲ ಸೇರಿ ಒಂದು ಕಂದು ಗೋಡೆ ನಡೆದು ಬಂದಂತೆ ಬರುತ್ತಿತ್ತು. ಕೂಸು ಎದ್ದು ನಿಂತು ಅದನ್ನೇ ನೋಡುತ್ತಿತ್ತು, ಅಳು ಮರೆತಿತ್ತು. ಮುಂದಿನ ನೀರು ಬಂದು ಅದರ ಕಾಲು ಕಿತ್ತಿತು, ಹಳದಿ ಫ್ರಾಕು ಒಂದು ಸಲ ಮಗ್ಗಲು ತಿರುಗಿತು. ಅಷ್ಟರಲ್ಲಿ ದುರಗವ್ವ ಮೊಣಕಾಲು ನೀರಿನಲ್ಲಿದ್ದಳು. ಫ್ರಾಕಿಗೆ ಕೈ ಹಾಕಿ ಎತ್ತಿ ಬಗಲಲ್ಲಿ ಹಿಚುಕಿಕೊಂಡು ದಂಡೆಗೆ ತಿರುಗಿದಳು. ನಮ್ಮ ಕಡೆಯ ದಂಡೆ ಕಡಿದಾಗಿತ್ತು, ಆಳೆತ್ತರದ ಎರೆ ಮಣ್ಣಿನ ಇಳಿಜಾರು, ನೀರು ತಾಕಿದರೆ ಬೆಣ್ಣೆ. ಅರ್ಧ ಹತ್ತಿ ನಿಂತಳು, ಮುಂದೆ ಕಾಲು ಹಿಡಿಯಲಿಲ್ಲ. ಮೇಲೆ ನೋಡಿದಳು. ಮೇಲೆ ಕಾಕಾ ಇದ್ದ. ಚರಗದ ಸುತ್ತು ಅದೇ ಹೊತ್ತಿಗೆ ಆ ಬದುವಿಗೆ ಬಂದಿತ್ತು. ಅಜ್ಜ ಇಪ್ಪತ್ತು ಹೆಜ್ಜೆ ಮುಂದೆ ಹೋಗಿದ್ದ, ಅವನೂ ತಿರುಗಿ ನೋಡಿದ, ನಿಂತ.

ಕಾಕಾ ದಂಡೆಯ ಅಂಚಿಗೆ ಬಂದು ಬಗ್ಗಿದ. ಕೈಯಲ್ಲಿ ಚರಿಗೆ ಹಾಗೇ ಇತ್ತು. ಇನ್ನೊಂದು ಕೈ ಖಾಲಿ ಇತ್ತು. ದುರಗವ್ವ ಕೂಸನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದಳು, ಕೂಸಿನ ತಲೆ ಅವನ ಮೊಣಕಾಲಿಗೆ ಗೇಣು ದೂರ. "ಹಿಡೀರಿ ಯಪ್ಪಾ" ಎಂದಳು. ಖಾಲಿ ಕೈ ಅರ್ಧ ಮುಂದೆ ಬಂದದ್ದನ್ನು ನಾನು ಕಂಡೆ, ಮತ್ತೆ ಅದು ಹಿಂದೆ ಹೋದದ್ದನ್ನೂ ಕಂಡೆ. "ಮಡೀಲಿದ್ದೇನಿ, ಕೆಳಗಿಡ" ಎಂದ. ನಲವತ್ತು ವರ್ಷ ಮಾಡಿದ ಕೆಲಸ ಅವಳ ಕೈ ಮಾಡಿತು. ಕೆಳಗಿಡು ಎಂದರೆ ಕೆಳಗಿಡಬೇಕು. ಅವಳು ಕೂಸನ್ನು ಆ ಇಳಿಜಾರಿನ ಮೇಲೆ ಇಟ್ಟು ಕೈ ತೆಗೆದಳು. ಯಾಕಿಟ್ಟಳು ಎಂದು ಈಗ ಕೇಳಬಹುದು. ಅವನು ಹೇಳಿದ, ಅವಳು ಇಟ್ಟಳು, ಇಬ್ಬರಿಗೂ ಬೇರೆ ಏನೂ ಹೊಳೆಯಲಿಲ್ಲ. ಹಸಿ ಎರೆ ಮೇಲೆ ಕೂಸು ಕ್ಷಣ ಕೂತಂತೆ ಕೂತು, ಜಾರಿತು. ದುರಗವ್ವನ ಪಕ್ಕದಲ್ಲೇ, ಅವಳ ಮೊಣಕೈ ಸವರಿಕೊಂಡು ಜಾರಿ ನೀರಿಗೆ ಹೋಯಿತು. ಈ ಸಲ ನೀರು ಎದೆಮಟ್ಟ ಇತ್ತು.

ಅವಳು ಹಾರಿದ್ದನ್ನು ನಾನು ನೋಡಲಿಲ್ಲ. ಇಳಿಜಾರು ಖಾಲಿ ಇದ್ದದ್ದನ್ನು ನೋಡಿದೆ. ಹತ್ತು ಮಾರು ಕೆಳಗೆ ಒಂದು ಜಾಲಿಗಿಡ ನೀರಿಗೆ ಬಾಗಿತ್ತು, ಅದರ ಟೊಂಗೆಗೆ ಮೊದಲು ಒಂದು ಕರಿ ಕೈ ಕಂಡಿತು, ಆಮೇಲೆ ಹಳದಿ ಫ್ರಾಕು. ಮುಳ್ಳು ತುಂಬಿದ ಟೊಂಗೆ. ಆ ಕೈ ಅದನ್ನು ಬಿಡಲಿಲ್ಲ. ಟೊಂಗೆಯಿಂದ ಬೇರಿಗೆ, ಬೇರಿನಿಂದ ದನ ಇಳಿಯುವ ಹಾದಿಗೆ ಸರಿದು, ಕೂಸನ್ನು ಹೆಗಲಿಗೆ ಹಾಕಿಕೊಂಡು ಮೊಣಕಾಲೂರಿ ಮೇಲೆ ಬಂದಳು. ನಾನೇನು ಮಾಡಿದೆ ಎಂದು ಕೇಳಿದರೆ, ನಿಂತಿದ್ದೆ. ಕಾಕಾನೂ ನಿಂತಿದ್ದ. ಅವಳು ಸಮನೆಲಕ್ಕೆ ಬಂದು, ಏದುಸಿರು ಬಿಡುತ್ತ, ಕೂಸನ್ನು ಹುಲ್ಲಿನ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಿದಳು. ಕೂಸು ನೀರು ಕಾರಿ ಕಿರುಚಿತು. ಆಗ ದುರಗವ್ವ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ಕಾಕಾ ಚರಿಗೆ ಆಚೆ ಒಗೆದು ಬಂದು ಕೂಸನ್ನು ನೆಲದಿಂದ ಎತ್ತಿಕೊಂಡ.

ಅದೇ ಹೊತ್ತಿಗೆ ಹತ್ತಿಯ ನಡುವಿನಿಂದ ಸಾವಕಾರರ ಹೆಂಡತಿ ಸೆರಗು ಎಳೆದುಕೊಂಡು ಓಡಿ ಬಂದಳು, ಹಿಂದೆ ಸಾವಕಾರರು, ಅವರ ಹಿಂದೆ ಅವ್ವ. ಅವರು ಕಂಡದ್ದು ಇಷ್ಟು: ಮುಂದೆ ಉಕ್ಕುವ ಹಳ್ಳ, ದಂಡೆಯ ಮೇಲೆ ಒದ್ದೆ ಧೋತರದ ಬಸಣ್ಣ, ಅವನ ಎದೆಗೆ ಅಂಟಿಕೊಂಡ ಕೂಸು. ತಾಯಿ ಕೂಸನ್ನು ಕಸಿದುಕೊಂಡು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕಾಕಾ ಸುಳ್ಳು ಹೇಳಲಿಲ್ಲ. ಏನೂ ಹೇಳಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. ಸಾವಕಾರರು ಅವನ ಬೆನ್ನು ತಟ್ಟುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಉಸಿರು ಹಿಡಿದುಕೊಂಡು, "ನೀ ಇಲ್ಲೇ ಇದ್ದೆಲ್ಲ ತಂಗಿ. ಹೆಂಗಾತು? ಇವರ ಹಾರಿದರೇನು?" ಎಂದು ಕೇಳಿದರು. ಅಜ್ಜ ಬಂದು ನಿಂತಿದ್ದ. ಕೆಮ್ಮಲಿಲ್ಲ, ನನ್ನನ್ನು ನೋಡಿದ ಅಷ್ಟೇ. ಕಾಕಾ ನೆಲ ನೋಡುತ್ತಿದ್ದ. ಕೂಸನ್ನು ಉಸುಕಿನಲ್ಲಿ ಬಿಟ್ಟು ಹೋದವಳು ಯಾರೆಂದು ಅವರು ಮುಂದೆ ಕೇಳಿದರೆ ಎಂಬ ಅಂಜಿಕೆ ನನಗೆ. "ಹೌದ್ರಿ. ನಮ್ಮ ಕಾಕಾನ" ಎಂದೆ. ದುರಗವ್ವ ಆಚೆ ನಿಂತು ಸೀರೆ ಹಿಂಡುತ್ತಿದ್ದಳು. ನನ್ನ ಮಾತು ಕೇಳಿ ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಆ ಕಡೆ ನೋಡಲಿಲ್ಲ.

ಯಾರೂ ಉಣ್ಣಲಿಲ್ಲ. ಅವಳು ಕಾಲಿಟ್ಟ ಅರಿವೆಯನ್ನೂ ಅದರ ಮೇಲಿನ ಅಡಿಗೆಯನ್ನೂ ಆಯಿ ಹಾಗೇ ಗಂಟು ಕಟ್ಟಿಸಿ ಹಳ್ಳಕ್ಕೆ ಹಾಕಿಸಿದಳು. ಸಂಜೆ ಬಿಳಿ ಕಾರು ಹೋಯಿತು. ಕಾಕಾನಿಗೆ ಅಣ್ಣಿಗೇರಿಯ ಅಂಗಡಿ ಬಂತು, ಮುಂದೆ ಅಲ್ಲೇ ಮನೆ ಕಟ್ಟಿಸಿದ. ಪ್ರತಿ ದೀಪಾವಳಿಗೆ ಹುಬ್ಬಳ್ಳಿಯಿಂದ ಪೇಡೆಯ ಡಬ್ಬಿ ಬರುತ್ತಿತ್ತು, ನಾವೆಲ್ಲ ತಿಂದೆವು, ನಾನೂ ತಿಂದೆ, ರುಚಿಯಾಗೇ ಇರುತ್ತಿತ್ತು. ಆದರೆ ಅವರು ಮತ್ತೆ ಹೊಲಕ್ಕೆ ಬರಲಿಲ್ಲ. ಕಾಕಾ ಶೀಗಿ ಹುಣ್ಣಿಮೆಗೆ ಊರಿಗೆ ಬರುವುದನ್ನೇ ಬಿಟ್ಟ. ಒಮ್ಮೆ, ಅವನ ಕೊನೆಯ ವರ್ಷ, ನಾನು ನೋಡಲು ಹೋದಾಗ ತನ್ನ ಬಲಗೈಯನ್ನು ಹಾಸಿಗೆಯ ಮೇಲೆ ಮುಂದೆ ಚಾಚಿ ಹಿಂದೆ ಎಳೆದು, ಮತ್ತೆ ಚಾಚಿ, ಬಹಳ ಹೊತ್ತು ಹಾಗೇ ಮಾಡುತ್ತಿದ್ದ. ಸೊಸೆ ಅದು ಜ್ವರದ ಭ್ರಮೆ ಎಂದಳು. ಇರಬಹುದು. ದುರಗವ್ವ ನಾನು ಗಂಡನ ಮನೆಗೆ ಹೋದ ಮೇಲೆ ಸತ್ತಳು. ಯಾವ ವರ್ಷ, ಯಾವ ತಿಂಗಳು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಲು ಬರಲಿಲ್ಲ. ನನಗೆ ಹಳ್ಳ ಕಲಿಸಿದವಳು ಸತ್ತದ್ದು ನನಗೆ ಎರಡು ವರ್ಷ ತಡವಾಗಿ, ಬೇರೆ ಮಾತಿನ ನಡುವೆ ತಿಳಿಯಿತು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಅಜ್ಜ ನನ್ನನ್ನು ಕಟ್ಟೆಗೆ ಕರೆದ. ದೊಡ್ಡವರು ಹೋದರೆ ಮಾತು ದೊಡ್ಡದಾಗುತ್ತದೆ, ನೀನು ಹೋಗು ಎಂದ. ಏನು ಹೇಳಬೇಕೆಂದು ಎರಡು ಸಲ ಹೇಳಿಸಿ ಕೇಳಿಕೊಂಡ. ನಾನು ಕೇರಿಗೆ ಹೋದೆ. ದುರಗವ್ವ ಬಾಗಿಲಲ್ಲಿ ಕೂತು ಸೂಜಿಯಿಂದ ಅಂಗೈಯ ಮುಳ್ಳು ತೆಗೆಯುತ್ತಿದ್ದಳು, ಕೈ ಬಾತು ಹೊಳೆಯುತ್ತಿತ್ತು. ನನ್ನನ್ನು ಕಂಡು, "ಕೂಸಿಗೆ ಜ್ವರಾ ಬಂದಾವೇನವ್ವಾ, ಸುದ್ದಿ ಏನರ ಬಂತೇನು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಜ್ಜ ನನಗೆ ಕಲಿಸಿದ ಮಾತು ಹೇಳಿದೆ: ಮಡಿ ತುಳದಿ, ಇವತ್ತಿಂದ ನಮ್ಮ ಹೊಲಕ್ಕ ಬರಬ್ಯಾಡಂತ, ಅಜ್ಜ ಹೇಳ್ಯಾನ. ಅವಳು ಸೂಜಿ ಹಿಡಿದ ಕೈ ನಿಲ್ಲಿಸಿದಳು. "ಆತವ್ವಾ" ಎಂದು ಮತ್ತೆ ಅಂಗೈಗೆ ಬಗ್ಗಿದಳು. ನಾನು ತಿರುಗಿ ಮನೆಗೆ ಬಂದೆ. ಆಯಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಕಾಲಿಗೆ ನೀರು ಹಾಕಿಸಿಕೊಂಡೆ, ಒಳಗೆ ಹೋದೆ, ಅವ್ವ ಕೊಟ್ಟ ಹಾಲು ರೊಟ್ಟಿ ಉಂಡೆ.